ನಾಯಿಯ ಕಿವಿಯೂ ಸರಮೆಯ ಪ್ರಶ್ನೆಯೂ

ಕಡೂರಿನ ಬಯಲು ಸೀಮೆಯಲ್ಲಾಗಲಿ, ತರೀಕೆರೆಯ ಅಡಕೆತೋಟಗಳ ನಡುವೆಯಾಗಲಿ, ಅಜ್ಜಂಪುರದ ಕಾವಲುಗಳ ಅಂಚಿನಲ್ಲಾಗಲಿ ನಾಯಿಯಿಲ್ಲದ ಒಕ್ಕಲಮನೆಯನ್ನು ಕಾಣುವುದು ಕಷ್ಟ. ಕಣದ ರಾಶಿಯನ್ನು ಕಾಯುವುದಕ್ಕೆ, ತೋಟಕ್ಕೆ ಹಂದಿ ನುಗ್ಗಿದಾಗ ಕೂಗಿ ತಿಳಿಸುವುದಕ್ಕೆ, ಕುರಿಹಟ್ಟಿಯ ಬಳಿ ತೋಳದ ಸುಳಿವನ್ನು ಎಲ್ಲರಿಗಿಂತ ಮೊದಲು ಹಿಡಿಯುವುದಕ್ಕೆ ಅದು ಬೇಕು. ಉಂಡು ಮಿಕ್ಕ ಮುದ್ದೆಯೂ ಮಜ್ಜಿಗೆಯನ್ನವೂ ಅದರ ಸಂಬಳ. ಅದರ ಕುಲವನ್ನು ಕೇಳಿದವರಿಲ್ಲ. ಕಿವಿ ನಿಂತಿದೆಯೋ ಜೋತಿದೆಯೋ ಎಂದು ನೋಡಿ ಅನ್ನ ಹಾಕಿದವರೂ ಇಲ್ಲ.

ಈಚಿನ ವರ್ಷಗಳಲ್ಲಿ ಈ ಸ್ಥಿತಿಯು ಸ್ವಲ್ಪ ಬದಲಾಗಿದೆ. ತೋಟದ ಆದಾಯ ಚೆನ್ನಾಗಿರುವ ಮನೆಗಳಿಗೂ, ಮಕ್ಕಳು ಬೆಂಗಳೂರಿನಲ್ಲಿ ಉದ್ಯೋಗಕ್ಕಿರುವ ಮನೆಗಳಿಗೂ ಡಾಬರ್‌ಮನ್, ಗ್ರೇಟ್ ಡೇನ್, ಬಾಕ್ಸರ್ ಮೊದಲಾದ ಪರದೇಶದ ತಳಿಗಳ ಮರಿಗಳು ಬರತೊಡಗಿವೆ. ಹೀಗೆ ಮರಿ ಬಂದ ಮನೆಯೊಂದನ್ನು ವಾಚಕರು ಭಾವಿಸಿಕೊಳ್ಳಬಹುದು. ಎಂಟು ವಾರದ ಮರಿ. ಅದರ ಕಿವಿಗಳು ಎಳೆಯ ವೀಳೆಯದೆಲೆಗಳಂತೆ ಕೆನ್ನೆಯ ಮೇಲೆ ಬಿದ್ದಿವೆ. ಮೊಮ್ಮಗನು ಚಿತ್ರವೊಂದನ್ನು ತೋರಿಸಿ, “ಅಜ್ಜಿ, ಈ ಜಾತಿಯ ನಾಯಿಗೆ ಕಿವಿ ಹೀಗೆ ಕೊಂಬಿನ ಹಾಗೆ ನಿಂತಿರಬೇಕು. ಪೇಟೆಗೆ ಕರೆದುಕೊಂಡು ಹೋಗಿ ಕೊಯ್ಯಿಸಿಕೊಂಡು ಬರುತ್ತೇನೆ” ಎನ್ನುತ್ತಾನೆ. ಅಜ್ಜಿಯು ಮರಿಯನ್ನು ಹತ್ತಿರಕ್ಕೆ ಎಳೆದುಕೊಂಡು, “ಕಿವಿ ಕೊಯ್ಯೋದಕ್ಕೆ ಅದೇನು ತಪ್ಪು ಮಾಡಿತಪ್ಪಾ?” ಎಂದು ಕೇಳುತ್ತಾಳೆ. ಮೊಮ್ಮಗನು ನಗುತ್ತಾನೆ, ಉತ್ತರ ಹೇಳುವುದಿಲ್ಲ. ಈ ಪ್ರಶ್ನೆಗೆ ಉತ್ತರವುಂಟೆ, ಇಲ್ಲವೆ ಎಂಬುದೇ ಇಲ್ಲಿಯ ವಿಚಾರ.

ಕಿವಿ ಕೊಯ್ಯುವುದೆಂದರೇನು ಎಂಬುದನ್ನು ಮೊದಲು ಸ್ಪಷ್ಟವಾಗಿ ತಿಳಿಯಬೇಕು. ನಾಯಿಯ ಹೊರಗಿವಿಯು ಕೂದಲಿನಂತೆ, ಉಗುರಿನ ತುದಿಯಂತೆ ಜಡವಾದ ವಸ್ತುವಲ್ಲ. ತೆಳುವಾದ ಮೃದ್ವಸ್ಥಿಗೆ ಎರಡು ಬದಿಯಲ್ಲಿಯೂ ಚರ್ಮ ಹೊದಿಸಿರುವ, ರಕ್ತನಾಳಗಳೂ ನರಗಳೂ ತುಂಬಿರುವ ಅಂಗ ಅದು. ಸಾಮಾನ್ಯವಾಗಿ ಮರಿಗೆ ಏಳರಿಂದ ಹನ್ನೆರಡು ವಾರಗಳ ವಯಸ್ಸಿರುವಾಗ ಈ ಹಾಲೆಯ ದೊಡ್ಡ ಭಾಗವೊಂದನ್ನು ಕತ್ತರಿಸಿ ಅಂಚನ್ನು ಹೊಲಿಯುತ್ತಾರೆ. ವೈದ್ಯರಾದವರು ಅರಿವಳಿಕೆ ಕೊಟ್ಟು ಮಾಡುತ್ತಾರೆ. ವೈದ್ಯವನ್ನು ಕಲಿಯದವರು ಅದನ್ನೂ ಕೊಡದೆ ಕತ್ತರಿ ಹಾಕುವುದುಂಟು. ಕತ್ತರಿಸಿದ ಮಾತ್ರಕ್ಕೆ ಕಿವಿಯು ನಿಲ್ಲುವುದಿಲ್ಲ. ಅದಕ್ಕೆ ಆಧಾರ ಕೊಟ್ಟು, ಪಟ್ಟಿ ಸುತ್ತಿ, ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ, ಬಿಚ್ಚಿ ಮತ್ತೆ ಕಟ್ಟುತ್ತಿರಬೇಕು. ಅರಿವಳಿಕೆಯು ಇಳಿದ ಮೇಲೆ ನೋವು ಉಳಿಯುತ್ತದೆ. ಗಾಯವು ಕೀವುಗಟ್ಟಬಹುದು, ಅಂಚು ಸುರುಟಿಕೊಳ್ಳಬಹುದು, ಇಷ್ಟೆಲ್ಲ ಆದ ಮೇಲೂ ಕಿವಿಯು ನಿಲ್ಲದೆ ಹೋಗಬಹುದು. ಮರಿಯು ಮನುಷ್ಯನ ಕೈಯನ್ನು ನಂಬಲು ಕಲಿಯುವ ವಾರಗಳೂ ಇವೇ. ಆ ವಾರಗಳಲ್ಲಿಯೇ ಅದಕ್ಕೆ ಕೈಯೆಂದರೆ ನೋವು ಎಂಬ ಪಾಠವಾಗುತ್ತದೆ.

ಈ ಪದ್ಧತಿಯು ಹುಟ್ಟಿದ್ದು ಹೇಗೆ? ನಾಯಿಗಳನ್ನು ಕಾಳಗಕ್ಕೂ ಕ್ರೂರಮೃಗಗಳ ಬೇಟೆಗೂ ಬಿಡುತ್ತಿದ್ದ ಕಾಲದಲ್ಲಿ, ಎದುರಾಳಿಗೆ ಕಚ್ಚಿ ಹಿಡಿಯಲು ಸಿಕ್ಕದಿರಲೆಂದು ಯೂರೋಪಿನಲ್ಲಿ ಕಿವಿಗಳನ್ನು ಮೊಟಕುಮಾಡುತ್ತಿದ್ದರು. ಡಾಬರ್‌ಮನ್ ತಳಿಯು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜರ್ಮನಿಯ ಅಪೋಲ್ಡ ಎಂಬ ಊರಿನಲ್ಲಿ, ತೆರಿಗೆ ವಸೂಲಿಯ ಕೆಲಸದಲ್ಲಿದ್ದ ಲೂಯಿ ಡಾಬರ್‌ಮನ್ ಎಂಬಾತನಿಂದ ಬೆಳೆದು ಬಂದಿತು. ಕಾವಲಿನ ನಾಯಿಯಾದುದರಿಂದ ಅದಕ್ಕೂ ಈ ಪದ್ಧತಿಯು ಅಂಟಿತು. ಕಾಳಗವು ಹೋಯಿತು, ಕತ್ತರಿಯು ಉಳಿಯಿತು. ಆದರೆ ಹುಟ್ಟಿದ ನೆಲದಲ್ಲಿಯೇ ಅದು ಈಗ ಉಳಿದಿಲ್ಲ. ಇಂಗ್ಲೆಂಡಿನ ಕೆನೆಲ್ ಕ್ಲಬ್ಬು ಕಿವಿ ಕೊಯ್ದ ನಾಯಿಗಳನ್ನು ೧೮೯೦ರ ದಶಕದಲ್ಲಿಯೇ ಸ್ಪರ್ಧೆಯಿಂದ ಹೊರಗಿಡತೊಡಗಿತು. ಜರ್ಮನಿಯಲ್ಲಿ ೧೯೮೭ರಿಂದ ಇದು ನಿಷಿದ್ಧ. ಅದೇ ೧೯೮೭ರಲ್ಲಿ ಯೂರೋಪಿನ ರಾಷ್ಟ್ರಗಳು ಸಾಕುಪ್ರಾಣಿಗಳ ರಕ್ಷಣೆಗಾಗಿ ಮಾಡಿಕೊಂಡ ಒಡಂಬಡಿಕೆಯ ಹತ್ತನೆಯ ವಿಧಿಯು, ಪ್ರಾಣಿಯ ರೂಪವನ್ನು ಮಾರ್ಪಡಿಸುವುದಕ್ಕಾಗಿ ಕಿವಿ ಕೊಯ್ಯುವುದನ್ನೂ ಬಾಲ ಕತ್ತರಿಸುವುದನ್ನೂ ಧ್ವನಿಯನ್ನು ಅಡಗಿಸುವುದನ್ನೂ ಒಟ್ಟಿಗೆ ನಿಷೇಧಿಸಿದೆ. ಅಮೆರಿಕದಲ್ಲಿ ಇದು ಇನ್ನೂ ರೂಢಿಯಲ್ಲಿದ್ದರೂ, ಅಲ್ಲಿಯ ಪಶುವೈದ್ಯರ ಸಂಘವು ಕೇವಲ ಅಂದಕ್ಕಾಗಿ ಮಾಡುವ ಇಂಥ ಶಸ್ತ್ರಕ್ರಿಯೆಯನ್ನು ವಿರೋಧಿಸುತ್ತದೆ.

ಆದರೂ ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತವನ್ನು ಹೇಳಬಾರದು. ಕಿವಿ ಕೊಯ್ಯಿಸುವವರು ಹೇಳುವ ಸಮಾಧಾನಗಳು ಮುಖ್ಯವಾಗಿ ನಾಲ್ಕು. ಜೋತ ಕಿವಿಯೊಳಗೆ ಗಾಳಿಯಾಡದೆ ರೋಗ ಬರುತ್ತದೆ, ನಿಂತ ಕಿವಿಗೆ ಬರುವುದಿಲ್ಲ ಎಂಬುದು ಒಂದು. ಕಾವಲಿನ ನಾಯಿಗೆ ಕಿವಿಯೇ ಶತ್ರುವಿನ ಹಿಡಿ ಎಂಬುದು ಎರಡು. ತಳಿಯ ಲಕ್ಷಣವೇ ಹಾಗೆ, ಅದಿಲ್ಲದಿದ್ದರೆ ನಾಯಿಗೆ ಶೋಭೆಯಿಲ್ಲ ಎಂಬುದು ಮೂರು. ನಾಲ್ಕನೆಯದು ಇವೆಲ್ಲಕ್ಕಿಂತ ಬಲವಾದುದು: “ಹೋರಿಗೆ ಮೂಗುದಾರ ಹಾಕುವಿರಿ, ಬೀಜ ಒಡೆಸುವಿರಿ, ಬರೆ ಹಾಕುವಿರಿ, ಹೆತ್ತ ಮಕ್ಕಳ ಕಿವಿಯನ್ನೇ ಚುಚ್ಚಿಸುವಿರಿ. ನಾಯಿಯ ಕಿವಿಯ ವಿಷಯದಲ್ಲಿ ಮಾತ್ರ ಈ ಕರುಣೆ ಎಲ್ಲಿಂದ ಬಂದಿತು?”

ಮೊದಲ ಮೂರಕ್ಕೆ ಉತ್ತರ ಹೇಳುವುದು ಕಷ್ಟವಲ್ಲ. ಕಿವಿ ಸೋರುವ ರೋಗವು ಹೆಚ್ಚಾಗಿ ಕಾಣುವುದು ಸ್ಪೇನಿಯಲ್‌ನಂಥ ಭಾರವಾದ, ಕೂದಲು ತುಂಬಿದ ಕಿವಿಗಳ ನಾಯಿಗಳಲ್ಲಿ. ಅವುಗಳ ಕಿವಿಯನ್ನು ಯಾರೂ ಕೊಯ್ಯಿಸುವುದಿಲ್ಲ. ಶುಚಿಗೊಳಿಸಿ ಮದ್ದು ಹಾಕುತ್ತಾರೆ. ರೋಗವಿರುವಲ್ಲಿ ಕತ್ತರಿಯಿಲ್ಲ, ಕತ್ತರಿಯಿರುವಲ್ಲಿ ರೋಗವಿಲ್ಲವೆಂದ ಮೇಲೆ ರೋಗವು ಕಾರಣವಲ್ಲ, ನೆಪ. ಎರಡನೆಯದಕ್ಕೆ ಉತ್ತರವನ್ನು ಬೆಟ್ಟದ ಸೀಮೆಗಳ ಕುರಿಗಾಹಿಗಳು ಹಿಂದೆಯೇ ಕೊಟ್ಟಿದ್ದಾರೆ. ತೋಳ ಚಿರತೆಗಳ ಬಾಯಿಂದ ನಾಯಿಯನ್ನು ಉಳಿಸುವುದಕ್ಕೆ ಅವರು ಅದರ ಕೊರಳಿಗೆ ಮುಳ್ಳಿನ ಪಟ್ಟಿಯನ್ನು ಕಟ್ಟುತ್ತಾರೆ. ಮೇಲಾಗಿ ಮನೆಯ ಜಗಲಿಯ ಮೇಲೆ ಮಲಗುವ ನಾಯಿಗೆ ಯಾವ ಕಾಳಗವು ಕಾದಿದೆ? ಮೂರನೆಯದಂತೂ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಹುಟ್ಟಿನಿಂದ ಬಂದುದು ತಳಿಯ ಲಕ್ಷಣ. ಪ್ರತಿಯೊಂದು ತಲೆಮಾರಿನಲ್ಲಿಯೂ ಕತ್ತರಿಯಿಂದ ಮಾಡಬೇಕಾದುದು ತಳಿಯ ಲಕ್ಷಣ ಹೇಗಾದೀತು? ಡಾಬರ್‌ಮನ್‌ನ ನಿಜವಾದ ಕಿವಿಯು ಜೋತ ಕಿವಿಯೇ.

ನಾಲ್ಕನೆಯ ಆಕ್ಷೇಪವನ್ನು ಹೀಗೆ ತಳ್ಳಿಹಾಕಲಾಗದು. ಈ ಸೀಮೆಯವರಿಗಂತೂ ಆಗದು. ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಅಜ್ಜಂಪುರದ ಹೆಸರನ್ನು ಹೊರನಾಡಿನವರು ಅರಿತಿರುವುದು ಅಮೃತಮಹಲ್ ದನಗಳಿಂದ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿಯೆಂದು ಕರೆಯಿಸಿಕೊಂಡ ಈ ಇಲಾಖೆಗೆ ಅಮೃತಮಹಲೆಂಬ ಹೆಸರನ್ನು ಕೊಟ್ಟವನು ಟಿಪ್ಪು ಸುಲ್ತಾನ. ಹಿಂದಕ್ಕೆ ಬಾಗಿದ ನೀಳವಾದ ಕೋಡುಗಳ ಈ ಎತ್ತುಗಳು ಹೈದರನ ಮತ್ತು ಟಿಪ್ಪುವಿನ ದಂಡಿನ ಸಾಮಾನುಗಳನ್ನೂ ಫಿರಂಗಿಗಳನ್ನೂ ಎಳೆದುವು. ೧೭೯೯ರ ಬಳಿಕ ಇಂಗ್ಲಿಷರ ದಂಡಿಗೂ ಅವೇ ಬೇಕಾದುವು. ಅಂದಿನ ಕಾವಲುಗಳಲ್ಲಿ ಎಷ್ಟೋ ಭಾಗ ಇಂದಿಲ್ಲ. ಆದರೆ ಅಜ್ಜಂಪುರದ ಸಂವರ್ಧನ ಕೇಂದ್ರದಲ್ಲಿ ತಳಿಯು ಉಳಿದಿದೆ. ಸಾವಿರಾರು ದನಗಳು ಕಾವಲಿನಿಂದ ಕಾವಲಿಗೆ ನಡೆಯುವಾಗ ಇದು ಯಾರದು, ಯಾವ ಹಿಂಡಿನದು ಎಂಬುದನ್ನು ಅರಿಯಲು ಗುರುತು ಬೇಕು. ಬಲವಾದ ಹೋರಿಯನ್ನು ನೊಗಕ್ಕೆ ಹೂಡಲು ಮೂಗುದಾರ ಬೇಕು. ಇವು ಯಾವುವೂ ನೋವಿಲ್ಲದೆ ಆಗುವುವಲ್ಲ.

ಇದು ನಿನ್ನೆ ಮೊನ್ನೆಯದೂ ಅಲ್ಲ. ಪಾಣಿನಿಯ ಆರನೆಯ ಅಧ್ಯಾಯದಲ್ಲಿ ಕರ್ಣ ಶಬ್ದಕ್ಕೆ ಸಂಬಂಧಿಸಿದ ಸೂತ್ರವೊಂದುಂಟು. ದನದ ಕಿವಿಯ ಮೇಲೆ ಮಾಡುವ ಗುರುತಿನ ಹೆಸರು ಕರ್ಣ ಶಬ್ದದೊಡನೆ ಸೇರಿದಾಗ ಅದರ ಕೊನೆಯ ಸ್ವರವು ದೀರ್ಘವಾಗುತ್ತದೆಂದು ವಿಧಿಸಿ, ಅಷ್ಟ, ಪಂಚ, ಮಣಿ, ಭಿನ್ನ, ಛಿನ್ನ, ಛಿದ್ರ, ಸ್ರುವ, ಸ್ವಸ್ತಿಕ ಮೊದಲಾದ ಗುರುತುಗಳಿಗೆ ಅದು ಸಲ್ಲದೆಂದು ಸೂತ್ರವು ಹೇಳುತ್ತದೆ. ಸೀಳಿದ ಕಿವಿ, ಕತ್ತರಿಸಿದ ಕಿವಿ, ತೂತುಮಾಡಿದ ಕಿವಿ, ಇವೆಲ್ಲಕ್ಕೂ ಬೇರೆ ಬೇರೆ ಹೆಸರಿರಬೇಕಾದರೆ ಆ ಪದ್ಧತಿಯು ಎಷ್ಟು ವ್ಯಾಪಕವಾಗಿದ್ದಿರಬೇಕು! ಇಲ್ಲಿ ಲಕ್ಷಣವೆಂದರೆ ಪಶುವು ಇಂಥ ಒಡೆಯನದೆಂದು ತಿಳಿಸುವುದಕ್ಕೆ ಮಾಡುವ ಚಿಹ್ನೆ ಎಂದು ಕಾಶಿಕಾವೃತ್ತಿಯು ವಿವರಿಸುತ್ತದೆ. ಸೂತ್ರವು ಸಲ್ಲದ ಸ್ಥಳಕ್ಕೆ ‘ಶೋಭನಕರ್ಣ’ ಎಂಬ ಪ್ರತ್ಯುದಾಹರಣೆಯನ್ನು ಕೊಡುತ್ತದೆ. ಗುರುತಿನ ಕಿವಿಯು ಬೇರೆ, ಚೆಲುವಾದ ಕಿವಿಯು ಬೇರೆ ಎಂಬುದು ವ್ಯಾಕರಣಕ್ಕೂ ಗೊತ್ತಿತ್ತು. ಕೌಟಿಲ್ಯನ ಅರ್ಥಶಾಸ್ತ್ರದ ಗೋಽಧ್ಯಕ್ಷನು ಒಂದೆರಡು ತಿಂಗಳ ಕರುಗಳಿಗೆ ಅಂಕನ ಹಾಕಿಸಿ, ಆ ಅಂಕವನ್ನೂ ಸಹಜವಾದ ಚಿಹ್ನೆಯನ್ನೂ ಬಣ್ಣವನ್ನೂ ಕೋಡುಗಳ ಅಂತರವನ್ನೂ ಲೆಕ್ಕದಲ್ಲಿ ಬರೆಯಿಸಬೇಕು.

ಇಷ್ಟರಿಂದ, ಹಿಂದಿನವರು ಈ ಕೆಲಸವನ್ನು ನಿಶ್ಚಿಂತೆಯಿಂದ ಮಾಡುತ್ತಿದ್ದರೆಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಅಥರ್ವವೇದದ ಆರನೆಯ ಕಾಂಡದಲ್ಲಿ ದನಗಳು ವೃದ್ಧಿಯಾಗಲೆಂದು ಹಾರೈಸಿ ಅವುಗಳ ಕಿವಿಗೆ ಗುರುತು ಮಾಡುವ ಸೂಕ್ತವಿದೆ. ಅದೇ ವೇದದ ಹನ್ನೆರಡನೆಯ ಕಾಂಡದಲ್ಲಿ, ವಶೆಯೆಂಬ ಗೋವಿನ ಪ್ರಸಂಗದಲ್ಲಿ, ಅದರ ಕಿವಿಯನ್ನು ಗಾಯಗೊಳಿಸುವವನು ದೇವತೆಗಳಿಗೆ ಅಪರಾಧಿಯಾಗುತ್ತಾನೆಂದೂ, ಗುರುತು ಮಾಡುತ್ತಿರುವೆನೆಂದು ಅವನು ಭಾವಿಸಿದರೂ ತನ್ನ ಸ್ವತ್ತನ್ನೇ ಕಡಿಮೆ ಮಾಡಿಕೊಳ್ಳುತ್ತಾನೆಂದೂ ತಾತ್ಪರ್ಯವುಳ್ಳ ಮಂತ್ರವಿದೆ. ಒಂದೇ ಸಂಹಿತೆಯಲ್ಲಿ ಅಪ್ಪಣೆಯೂ ಎಚ್ಚರಿಕೆಯೂ ಇರುವುದು ಅರ್ಥವತ್ತಾದುದು. ಅಶೋಕನು ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದಾಗ ಬರೆಯಿಸಿದ ಐದನೆಯ ಸ್ತಂಭಶಾಸನದಲ್ಲಿ, ತಿಷ್ಯ ಪುನರ್ವಸು ನಕ್ಷತ್ರಗಳ ದಿನಗಳಲ್ಲಿಯೂ ಚಾತುರ್ಮಾಸ್ಯದ ದಿನಗಳಲ್ಲಿಯೂ ಕುದುರೆಗಳಿಗೂ ಎತ್ತುಗಳಿಗೂ ಬರೆ ಹಾಕಕೂಡದೆಂದು ವಿಧಿಸಿದನು. ಬರೆಯನ್ನು ಅವನು ಪೂರ್ತಿಯಾಗಿ ನಿಲ್ಲಿಸಲಿಲ್ಲ; ಆದರೆ ಅದು ನೆಪವಿಲ್ಲದೆ ಮಾಡಬಹುದಾದ ಕೆಲಸವಲ್ಲವೆಂಬುದನ್ನು ಜನರಿಗೆ ನೆನಪಿಸಿದನು. ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯಲ್ಲಿಯೂ, ತಂದೆತಾಯಿಗಳ ಶುಶ್ರೂಷೆಯನ್ನೂ ಸತ್ಯವನ್ನೂ ಹೇಳುವ ಸಾಲುಗಳಲ್ಲಿಯೇ ಪ್ರಾಣಿಗಳ ವಿಷಯದಲ್ಲಿ ದಯೆಯನ್ನು ದೃಢವಾಗಿಟ್ಟುಕೊಳ್ಳಬೇಕೆಂದು ಅವನು ಹೇಳಿಸಿದ್ದಾನೆ.

ಹಾಗಾದರೆ ಯಾವ ಗಾಯವು ಕ್ಷಮ್ಯ, ಯಾವುದು ಅಲ್ಲ ಎಂಬುದನ್ನು ಅಳೆಯುವ ಕೋಲು ಯಾವುದು? ಅದನ್ನು ಮಹಾಭಾರತವು ತನ್ನ ಆದಿಪರ್ವದಲ್ಲಿಯೇ, ಒಂದು ನಾಯಿಯ ಬಾಯಿಂದ, ಹೇಳಿಸಿದೆ. ಜನಮೇಜಯನು ಕುರುಕ್ಷೇತ್ರದಲ್ಲಿ ದೀರ್ಘಸತ್ರವನ್ನು ಮಾಡುತ್ತಿರುವಾಗ ದೇವಶುನಿಯಾದ ಸರಮೆಯ ಮಗನು ಅಲ್ಲಿಗೆ ಬರುತ್ತಾನೆ. ರಾಜನ ತಮ್ಮಂದಿರು ಅವನನ್ನು ಹೊಡೆಯುತ್ತಾರೆ. ಅಳುತ್ತ ಬಂದ ಮಗನನ್ನು ತಾಯಿಯು ಮೊದಲು ಗದರಿಸಿಯೇ ಕೇಳುತ್ತಾಳೆ: ನೀನೇ ಏನಾದರೂ ತಪ್ಪು ಮಾಡಿರಬೇಕು. ಹವಿಸ್ಸನ್ನು ನೆಕ್ಕುವುದಿರಲಿ, ಅದರ ಕಡೆ ನೋಡಲೂ ಇಲ್ಲವೆಂದು ಮಗನು ಹೇಳಿದ ಮೇಲೆ ಸರಮೆಯು ಸತ್ರಶಾಲೆಗೆ ಹೋಗಿ, ಏನೂ ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅವರು ಯಾವ ಉತ್ತರವನ್ನೂ ಕೊಡುವುದಿಲ್ಲ. ನಿರಪರಾಧಿಯನ್ನು ಹೊಡೆದುದರಿಂದ ಕಾಣದ ಭಯವೊಂದು ನಿಮ್ಮ ಮೇಲೆ ಬರುವುದೆಂದು ಅವಳು ಶಪಿಸಿ ಹೋಗುತ್ತಾಳೆ, ರಾಜನು ತಲ್ಲಣಿಸುತ್ತಾನೆ. ನಾಯಿಯ ದೂರಿನಿಂದ ಮೊದಲಾಗುವ ಆ ಗ್ರಂಥದ ಕೊನೆಯ ಭಾಗದಲ್ಲಿ, ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಜನಿದ್ದಾನೆ. ಆತನನ್ನು ಎಲ್ಲರೂ ನೆನೆಯುತ್ತಾರೆ. ಸರಮೆಯನ್ನು ನೆನೆಯುವವರು ಕಡಮೆ.

ಸರಮೆಯು ಹೊಡೆಯಲೇಕೂಡದೆಂದು ಹೇಳಲಿಲ್ಲ. ಹವಿಸ್ಸನ್ನು ಮುಟ್ಟಿದ್ದರೆ ಏಟಿಗೆ ಕಾರಣವಿತ್ತೆಂದು ಅವಳು ಒಪ್ಪುತ್ತಿದ್ದಳು. ಅವಳು ಕೇಳಿದ್ದು ಕಾರಣವನ್ನು. ಮೂಕಪ್ರಾಣಿಯ ಮೈಗೆ ಶಸ್ತ್ರವನ್ನು ತಾಗಿಸುವವನು, ಆ ಪ್ರಾಣಿಯ ತಾಯಿಗೆ ಮಾತು ಬಂದು ಎದುರು ನಿಂತು ‘ಏಕೆ?’ ಎಂದು ಕೇಳಿದರೆ, ತಲೆಯೆತ್ತಿ ಹೇಳಬಹುದಾದ ಉತ್ತರವನ್ನು ಪಡೆದಿರಬೇಕು. ಆ ಉತ್ತರವು ಮೂರು ಮಾತುಗಳಿಗೆ ನಿಲ್ಲಬೇಕು: ಈ ಗಾಯದಿಂದ ಪ್ರಾಣಿಗಾಗಲಿ, ಅದರೊಡನೆ ಬಾಳುವವರಿಗಾಗಲಿ ನಿಜವಾದ ಅಗತ್ಯವು ನೆರವೇರುವುದೆ? ಇದಕ್ಕಿಂತ ಕಡಮೆ ನೋವಿನ ದಾರಿಯಿಲ್ಲವೆ? ನೋವನ್ನು ತಗ್ಗಿಸಲು ಮಾಡಬೇಕಾದುದೆಲ್ಲವನ್ನೂ ಮಾಡಿದೆಯೆ?

ಈ ಕೋಲಿನಿಂದ ಮೊದಲು ಸ್ವಂತ ಕೊಟ್ಟಿಗೆಯನ್ನೇ ಅಳೆಯುವುದು ನ್ಯಾಯ. ಮೂಗುದಾರಕ್ಕೆ ಒಕ್ಕಲಿಗನ ಬಳಿ ಉತ್ತರವಿದೆ: ಹಿಡಿತವಿಲ್ಲದ ಹೋರಿಯಿಂದ ಮನುಷ್ಯನ ಪ್ರಾಣಕ್ಕೂ ಅಪಾಯ, ಹೋರಿಗೂ ಅಪಾಯ. ಬರೆಗೂ ಒಂದು ಕಾಲದಲ್ಲಿ ಉತ್ತರವಿತ್ತು. ಆದರೆ ಹನ್ನೆರಡು ಅಂಕಿಗಳ ಸಣ್ಣ ಬಿಲ್ಲೆಯೊಂದನ್ನು ಕಿವಿಗೆ ಚುಚ್ಚಿ ದನದ ಲೆಕ್ಕವನ್ನು ಇಡುವ ಪದ್ಧತಿಯು ಈಗ ಬಂದಿರುವಾಗ, ಕಾದ ಕಬ್ಬಿಣವನ್ನು ಹಿಡಿದವನ ಉತ್ತರವು ಮೊದಲಿನಷ್ಟು ಗಟ್ಟಿಯಾಗಿಲ್ಲ. ಅರಿವಳಿಕೆಯು ಬಂದ ಮೇಲೆ ಅದಿಲ್ಲದೆ ಬೀಜ ಒಡೆಸುವವನ ಉತ್ತರವೂ ಗಟ್ಟಿಯಲ್ಲ. ತಾತನಿಗೆ ಸಾಕಾದ ಉತ್ತರವು ಮೊಮ್ಮಗನಿಗೆ ಸಾಲದು. ಪ್ರತಿಯೊಂದು ತಲೆಮಾರೂ ಸರಮೆಗೆ ಹೊಸದಾಗಿ ಉತ್ತರ ಹೇಳಬೇಕು. ೧೯೬೦ರ ಪ್ರಾಣಿಹಿಂಸಾ ನಿವಾರಣಾ ಶಾಸನವೂ ಹೆಚ್ಚು ಕಡಮೆ ಇದೇ ದಾರಿಯಲ್ಲಿ ನಡೆದಿದೆ. ಅದರ ಹನ್ನೊಂದನೆಯ ಪ್ರಕರಣವು ಪ್ರಾಣಿಯನ್ನು ಅಂಗಹೀನಗೊಳಿಸುವುದನ್ನು ಅಪರಾಧಗಳಲ್ಲಿ ಸೇರಿಸಿ, ದನಗಳ ಕೋಡು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಹಾಕುವುದು, ಇವುಗಳನ್ನು ಮಾತ್ರ, ಗೊತ್ತುಪಡಿಸಿದ ರೀತಿಯಲ್ಲಿ ಮಾಡಿದರೆ, ಅಪರಾಧವಲ್ಲವೆಂದು ಬಿಟ್ಟಿದೆ. ಆ ವಿನಾಯಿತಿಯ ಪಟ್ಟಿಯಲ್ಲಿ ನಾಯಿಯ ಕಿವಿಯಿಲ್ಲ. ಮೊದಲ ತಪ್ಪಿಗೆ ಶಾಸನಕರ್ತರು ಇಟ್ಟ ದಂಡವು ಹತ್ತರಿಂದ ಐವತ್ತು ರೂಪಾಯಿ. ದಂಡದ ಭಯವು ಇಷ್ಟು ಸಣ್ಣದಾಗಿರುವಲ್ಲಿ ಧರ್ಮದ ಭಯವೇ ಕೆಲಸ ಮಾಡಬೇಕು.

ಮಕ್ಕಳ ಕಿವಿ ಚುಚ್ಚುವುದರ ಮಾತಿಗೆ ಉತ್ತರವೇನು? ಸುಶ್ರುತನು ಸೂತ್ರಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಆರನೆಯ ಅಥವಾ ಏಳನೆಯ ತಿಂಗಳಲ್ಲಿ, ರಕ್ಷಣೆಗಾಗಿಯೂ ಭೂಷಣಕ್ಕಾಗಿಯೂ ಮಗುವಿನ ಕರ್ಣವೇಧವನ್ನು ಹೇಳಿದ್ದಾನೆ. ಅಲ್ಲಿ ಅಂಗದ ಯಾವ ಭಾಗವೂ ಹೋಗುವುದಿಲ್ಲ. ಆ ಭೂಷಣವು ಮಗುವಿನದೇ. ಬೆಳೆದ ಮೇಲೆ ಓಲೆಯನ್ನು ಇಟ್ಟುಕೊಳ್ಳುವುದೂ ಬಿಡುವುದೂ ಅದರ ಇಷ್ಟ. ನಾಯಿಗೆ ಕನ್ನಡಿಯಿಲ್ಲ, ಅದರ ಕಿವಿಯ ಅಂದವನ್ನು ಅನುಭವಿಸುವವನು ಒಡೆಯನೇ ಹೊರತು ನಾಯಿಯಲ್ಲ. ಮಗುವಿನ ವಿಷಯದಲ್ಲಿಯೂ ಸರಮೆಯ ಪ್ರಶ್ನೆಯನ್ನು ಕೇಳುವವರಿದ್ದರೆ ಕೇಳಲಿ. ಉತ್ತರ ಹೇಳುವ ಹೊಣೆ ತಂದೆತಾಯಿಗಳಿಗೆ ಇದ್ದೇ ಇದೆ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಅದೇ ಅಧ್ಯಾಯದ ಹೆಚ್ಚಿನ ಭಾಗವನ್ನು ಸುಶ್ರುತನು ಹರಿದ ಕಿವಿಯನ್ನು ಮತ್ತೆ ಕೂಡಿಸುವ ಹದಿನೈದು ಬಗೆಯ ಬಂಧಗಳಿಗೆ ಮೀಸಲಿಟ್ಟಿದ್ದಾನೆ. ಶಸ್ತ್ರವನ್ನು ಹಿಡಿದವನ ಜಾಣ್ಮೆಯು ಸಲ್ಲಬೇಕಾದುದು ಅಲ್ಲಿ.

ಪಟ್ಟಣಗಳ ಬೀದಿನಾಯಿಗಳ ಕಿವಿಯ ತುದಿಯಲ್ಲಿ ಕಾಣುವ ಸಣ್ಣ ಕಚ್ಚಿನ ವಿಷಯವನ್ನೂ ಇಲ್ಲಿ ಹೇಳಬೇಕು. ಏಕೆಂದರೆ ಅದನ್ನು ನೋಡಿ ‘ಸರಕಾರವೇ ಕೊಯ್ಯುತ್ತದಲ್ಲ’ ಎನ್ನುವವರುಂಟು. ೨೦೦೧ರಲ್ಲಿ ಆಗಿ, ೨೦೨೩ರಲ್ಲಿ ಹೊಸದಾಗಿ ಬಂದ ಪ್ರಾಣಿ ಸಂತಾನನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗೆ ಸಂತಾನ ತಡೆಯುವ ಶಸ್ತ್ರಕ್ರಿಯೆಯನ್ನು ಮಾಡಿ, ಹುಚ್ಚುನಾಯಿ ರೋಗಕ್ಕೆ ಲಸಿಕೆ ಹಾಕಿ, ಅರಿವಳಿಕೆಯಿರುವಾಗಲೇ ಕಿವಿಯಲ್ಲಿ ಗುರುತು ಮಾಡುತ್ತಾರೆ. ಆ ಗುರುತಿಲ್ಲದಿದ್ದರೆ ಅದೇ ನಾಯಿಯನ್ನು ಮತ್ತೆ ಹಿಡಿದು ಮತ್ತೆ ಹೊಟ್ಟೆ ಸೀಳುವ ಪ್ರಮಾದವಾದೀತು. ಇಲ್ಲಿ ಗಾಯವು ಸಣ್ಣದು. ಅದು ತಪ್ಪಿಸುವ ನೋವು ದೊಡ್ಡದು. ಸರಮೆಯು ಕೇಳಿದರೆ ಹೇಳುವುದಕ್ಕೆ ಮಾತಿದೆ. ಒಂದೇ ಕಿವಿ, ಒಂದೇ ಕತ್ತರಿ. ಆದರೂ ಒಂದಕ್ಕೆ ಉತ್ತರವಿದೆ, ಇನ್ನೊಂದಕ್ಕೆ ಇಲ್ಲ.

ಡಾಬರ್‌ಮನ್ ಮರಿಯ ಒಡೆಯನು ಏನು ಉತ್ತರ ಹೇಳಿಯಾನು? ‘ನಿನ್ನ ಮಗನಿಗೆ ರೋಗವಿರಲಿಲ್ಲ, ಅವನು ಕಾಳಗಕ್ಕೆ ಹೋಗುವವನೂ ಅಲ್ಲ. 'ನೋಡಿದವರು ನನ್ನ ನಾಯಿಯನ್ನು ಕಂಡು ಹೆದರಲಿ, ನನ್ನನ್ನು ಕಂಡು ಮೆಚ್ಚಲಿ’ ಎಂಬುದಲ್ಲದೆ ಬೇರೆ ಮಾತು ಅವನಲ್ಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಲು ನಾಚಿ ಅವನೂ ಜನಮೇಜಯನ ತಮ್ಮಂದಿರಂತೆ ಸುಮ್ಮನಾದಾನು. ಕಟುಕತನವು ಇದಕ್ಕೆ ಕಾರಣವೆನ್ನಲಾಗದು. ಆ ಒಡೆಯನು ನಾಯಿಯನ್ನು ಪ್ರೀತಿಸುವವನೇ ಇರಬಹುದು. ಪ್ರೀತಿಯೊಳಗೆ ಸ್ವತ್ತಿನ ಭಾವವು ಬೆರೆತಿರುವುದೇ ಕೇಡಿನ ಮೂಲ. ‘ನನ್ನದು’ ಎಂಬ ಮಾತಿಗೆ ‘ನಾನು ಕಾಯಬೇಕಾದುದು’ ಎಂಬ ಅರ್ಥವೂ ಉಂಟು, ‘ನಾನು ಬೇಕಾದಂತೆ ಮಾಡಬಹುದಾದುದು’ ಎಂಬ ಅರ್ಥವೂ ಉಂಟು. ಮೊದಲನೆಯದರಿಂದ ಎರಡನೆಯದಕ್ಕೆ ಜಾರಿದ ಒಡೆಯನು ಅಥರ್ವಮಂತ್ರವು ಎಚ್ಚರಿಸಿದಂತೆ, ಗುರುತು ಮಾಡುತ್ತಿರುವೆನೆಂದು ತಿಳಿದು ತನ್ನದನ್ನೇ ಕಡಿಮೆ ಮಾಡಿಕೊಳ್ಳುತ್ತಾನೆ. ಕಡಿಮೆಯಾಗುವುದು ಕಿವಿಯ ಅಂಗುಲಗಳು ಮಾತ್ರವಲ್ಲ. ನಾಯಿಯು ತನ್ನ ಮನಸ್ಸನ್ನು ತಿಳಿಸುವುದೇ ಕಿವಿಯಿಂದ ಮತ್ತು ಬಾಲದಿಂದ. ಹೆದರಿದಾಗ ಕಿವಿಯನ್ನು ಹಿಂದಕ್ಕೆ ಒತ್ತುತ್ತದೆ, ಕೇಳಿದಾಗ ಎತ್ತುತ್ತದೆ, ಪರಿಚಿತರನ್ನು ಕಂಡಾಗ ಸಡಿಲಬಿಡುತ್ತದೆ. ಆ ಭಾಷೆಯ ಅಕ್ಷರಗಳನ್ನು ಕತ್ತರಿಸಿದವನು ತನಗೆ ಬರಬೇಕಾದ ಮಾತನ್ನೇ ಕಳೆದುಕೊಂಡಂತೆ.

ನಾಯಿಯ ಗೌರವವು ಎಲ್ಲಿದೆ ಎಂಬುದನ್ನು ಕನ್ನಡಿಗರು ಸಾವಿರ ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ೯೫೦ರ ಶಾಸನವು, ಮಣಲೇರನೆಂಬ ವೀರನು ತನ್ನ ಒಡೆಯನಿಂದ ಬೇರೇನನ್ನೂ ಬೇಡದೆ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದುದನ್ನೂ, ಆ ನಾಯಿಯು ಕಾಡುಹಂದಿಯೊಡನೆ ಹೋರಿ ಅದರೊಡನೆಯೇ ಸತ್ತುದನ್ನೂ ಹೇಳುತ್ತದೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೋರಾಡುತ್ತಿರುವ ಶಿಲ್ಪವಿದೆ. ಕಾಳಿಗೆ ಕಲ್ಲು ನಿಂತುದು ಅದು ಮಾಡಿದ ಕೆಲಸಕ್ಕೆ.

ಆದುದರಿಂದ ಮರಿಯನ್ನು ಮನೆಗೆ ತರುವವರು ಕೆಲವು ಸಂಗತಿಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮರಿಯನ್ನು ಗೊತ್ತುಮಾಡುವಾಗಲೇ ಅದರ ಕಿವಿಯನ್ನೂ ಬಾಲವನ್ನೂ ಮುಟ್ಟಕೂಡದೆಂದು ಮಾರುವವನಿಗೆ ತಿಳಿಸಬೇಕು. ಕೊಳ್ಳುವವರು ಕೇಳದಿದ್ದರೆ ಕೊಯ್ಯುವವರೂ ನಿಲ್ಲುತ್ತಾರೆ. ಕೊಯ್ದ ಕಿವಿಯ ನಾಯಿಯು ಈಗಾಗಲೇ ಮನೆಯಲ್ಲಿದ್ದರೆ ಅದರಲ್ಲಿ ಆ ನಾಯಿಯ ತಪ್ಪಿಲ್ಲ. ಅದನ್ನು ಇಮ್ಮಡಿ ಅಕ್ಕರೆಯಿಂದ ನೋಡಿಕೊಳ್ಳಬೇಕು. ಜೋತ ಕಿವಿಯನ್ನು ವಾರಕ್ಕೊಮ್ಮೆಯಾದರೂ ಮಗುಚಿ ನೋಡಿ, ಉಣ್ಣೆಗಳಿದ್ದರೆ ತೆಗೆದು, ಸ್ನಾನವಾದ ಮೇಲೆ ಒಣಗಿದ ಬಟ್ಟೆಯಿಂದ ಒರೆಸಬೇಕು. ತಲೆಯನ್ನು ಪದೇ ಪದೇ ಒದರುವುದು, ಕಿವಿಯನ್ನು ಕೆರೆದುಕೊಳ್ಳುವುದು, ದುರ್ವಾಸನೆ, ಸೋರುವಿಕೆ, ಹಾಲೆಯ ಊತ, ಇವು ಕಂಡರೆ ಮನೆಮದ್ದಿಗೆ ಕಾಯದೆ ಪಶುವೈದ್ಯರ ಬಳಿಗೆ ಹೋಗಬೇಕು. ಗೆಡ್ಡೆಯಾದಾಗ, ಹರಿದಾಗ, ರಕ್ತ ತುಂಬಿದಾಗ ವೈದ್ಯರು ಕಿವಿಗೆ ಶಸ್ತ್ರ ಹಾಕಿದರೆ ಅದು ಚಿಕಿತ್ಸೆ; ಅದಕ್ಕೂ ಈ ಚರ್ಚೆಗೂ ಸಂಬಂಧವಿಲ್ಲ. ಹಳ್ಳಿಗಳಲ್ಲಿ ನಾಯಿಯು ಚುರುಕಾಗಲೆಂದು ಮರಿಯ ಕಿವಿಯ ತುದಿಯನ್ನು ಕುಡುಗೋಲಿನಿಂದ ಚಿವುಟುವವರಿದ್ದರೆ ಅವರಿಗೂ ತಿಳಿಯಹೇಳಬೇಕು: ನಾಯಿಯ ಚುರುಕು ಬರುವುದು ಅನ್ನದಿಂದ ಮತ್ತು ಒಡನಾಟದಿಂದ.

ಅಜ್ಜಿಯು ಮೊಮ್ಮಗನನ್ನು ಕೇಳಿದ್ದು ಸರಮೆಯು ಸತ್ರಶಾಲೆಯಲ್ಲಿ ಕೇಳಿದ ಪ್ರಶ್ನೆಯನ್ನೇ. ಅವಳು ಆದಿಪರ್ವವನ್ನು ಓದಿದವಳಲ್ಲದಿರಬಹುದು. ಮರಿಯನ್ನು ಕೈಯಲ್ಲಿ ಹಿಡಿದವರಿಗೆ ಆ ಪ್ರಶ್ನೆಯು ತಾನಾಗಿಯೇ ಹೊಳೆಯುತ್ತದೆ. ಮೊಮ್ಮಗನು ಕೆಟ್ಟವನೇನಲ್ಲ, ಚಿತ್ರವನ್ನು ಮೊದಲು ನೋಡಿದನು, ಮರಿಯನ್ನು ಆಮೇಲೆ ನೋಡಿದನು. ಒಂದು ವಾರ ಆ ಮರಿಯೊಡನೆ ಕಳೆದರೆ, ಸಂಜೆ ಅವನು ಗಾಡಿ ನಿಲ್ಲಿಸಿದ ಸದ್ದಿಗೆ ಆ ಎರಡು ಕಿವಿಗಳ ಬುಡವು ಮೇಲೆದ್ದು, ಅವನು ಒಳಗೆ ಬಂದೊಡನೆ ಮತ್ತೆ ಕೆನ್ನೆಗೆ ಇಳಿಯುವುದನ್ನು ಅವನೇ ಕಾಣುವನು. ಆಮೇಲೆ ಪೇಟೆಗೆ ಕರೆದುಕೊಂಡು ಹೋಗುವ ಮಾತನ್ನು ಅವನು ಎತ್ತಲಾರನು.